ಅಜ್ಜಿ ಅದಲುಬದಲು ಮಾಡಿದ ಹಳಿ

“ಸಂಜೆಯೊಳಗೆ ಸುರಂಗದ ತಿರುವಿನ ಹಳಿ ಸವೆತದ ಅಳತೆ ತನ್ನಿ. ಇಲ್ಲದಿದ್ದರೆ ನಾಳೆ ಹಳಿ ಕಿತ್ತು ದಾರಿ ಮುಚ್ಚುತ್ತೇವೆ,” ಎಂದು ಹಳಿ ಪರೀಕ್ಷಕಿಗೆ ಹೇಳಿದ್ದರು ಮೇಲಧಿಕಾರಿ. ಪ್ರವಾಹಕ್ಕೆ ನಿಂತ ಕಾಡಿನ ರೈಲು ಮತ್ತೆ ಓಡುವುದು ಆ ತಿರುವಿನ ಕೈಯಲ್ಲಿತ್ತು. ನಲವತ್ತು ವರ್ಷದಿಂದ ಯಾರೂ ಮುಟ್ಟದ ಹಳಿ ಸವೆದುಹೋಗಿರಲೇಬೇಕೆಂದು ದಾಖಲೆ ಪುಸ್ತಕ ಹೇಳುತ್ತಿತ್ತು.

“ಮುಟ್ಟಿದೀವಿ ಕಣೇ,” ಎಂದಳು ಅವಳ ಅಜ್ಜಿ, ಅದೇ ದಾರಿಗೆ ಜಲ್ಲಿ ಹೊತ್ತವಳು. “ಏಳು ಜನ ಹೆಂಗಸರು. ಎಡದ ಹಳಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ವಿ.”

ಮೊಮ್ಮಗಳು ಚಿಕ್ಕಂದಿನಲ್ಲಿ ಆ ಕತೆ ಕೇಳುತ್ತಲೇ ನಿದ್ದೆಹೋಗುತ್ತಿದ್ದವಳು. ಆದರೆ ಸುರಂಗದಲ್ಲೊಬ್ಬ ರಾಕ್ಷಸ ಆಕಳಿಸುತ್ತಾನೆಂದೂ ಅಜ್ಜಿ ಹೇಳಿದ್ದಳಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಟ್ರಾಲಿಯವನು ಹಳಿಯ ಮೇಲೆ ಟ್ರಾಲಿ ತಳ್ಳಿದ. ಇಕ್ಕೆಲದ ಜರಿಗಿಡ ಮೊಣಕಾಲು ಸವರುತ್ತಿತ್ತು. ಪಕ್ಕದ ಪಾಚಿಯಡಿ, ಮೇಲೂ ಕೆಳಗೂ ತಲೆಯಿದ್ದ, ಎಂದೋ ಕಿತ್ತೆಸೆದ ಹಳೇ ಹಳಿಗಳು ಮಲಗಿದ್ದವು. “ಮೇಲಿನ ತಲೆ ಸವೆದ್ರೆ ಮಗುಚಿ ಹಾಕ್ಬಹುದು ಅಂದ್ಕೊಂಡಿದ್ರು. ಮಗುಚಿದ್ರೆ ಕೂತಕೂತಲ್ಲೇ ಕೆಳಗಿನ ತಲೇನೂ ಹಳ್ಳ ಬಿದ್ದಿತ್ತು. ಆಮೇಲೆ ಬಂದಿದ್ದು ಈಗಿರೋ ಅಗಲ ಪಾದದ ಹಳಿ,” ಎಂದಳು ಅಜ್ಜಿ, ಹಳೇ ಗೆಳತಿಯರ ಸುದ್ದಿ ಹೇಳುವವಳಂತೆ.

ಹೊಳೆಯ ಸೇತುವೆಯ ನಡುವೆ ಹಳಿಯಡಿಯ ಐದು ದಿಮ್ಮಿ ಇರಲಿಲ್ಲ.

“ನೀನಿಲ್ಲೇ ಕೂತ್ಕೋ ಅಜ್ಜಿ.”

“ತಿರುವು ತೋರ್ಸೋಕೆ ನಿಮ್ಮಪ್ಪ ಬರ್ತಾನಾ?”

ಟ್ರಾಲಿ ಬಿಟ್ಟು ಹಳಿಯ ಮೇಲೆ ತೆವಳಿದರು. ಕೆಳಗೆ ಹೊಳೆ ಮೊರೆಯಿತು. ಟ್ರಾಲಿಯವನು ಜಾರಿದ. ಪರೀಕ್ಷಕಿ ಅವನ ಮುಂಗೈ ಹಿಡಿದಳು. ಅಜ್ಜಿ ಅವಳ ಕಾಲು ಹಿಡಿದಳು. ಅವನು ಮೇಲೆ ಬಂದ, ಟಾರ್ಚ್ ಮಾತ್ರ ಹೊಳೆಪಾಲಾಯಿತು.

“ನಂಗಿನ್ನೂ ಮದುವೆ ಆಗಿಲ್ಲ,” ಎಂದು ಏದುಸಿರುಬಿಟ್ಟ ಅವನು.

“ಈ ತೂಕಕ್ಕೆ ಯಾರು ಹೆಣ್ಣು ಕೊಡ್ತಾರೆ?” ಎಂದಳು ಅಜ್ಜಿ.

ಸುರಂಗದಲ್ಲಿ ಗವ್ವೆನ್ನುವ ಕತ್ತಲೆ. ತಣ್ಣನೆ ಗಾಳಿಯೊಂದು ದೀರ್ಘವಾಗಿ ಆಕಳಿಸಿತು. ಮೂವರೂ ಗೋಡೆ ತಡವುತ್ತ ತಿರುವಿಗೆ ಬಂದರು.

“ತಿರುವಲ್ಲಿ ಹೊರಹಳಿ ಮನೆಯ ಹಿರೀಸೊಸೆ ಇದ್ದ ಹಾಗೆ. ಭಾರವೆಲ್ಲ ಅದರ ಮೇಲೆ,” ಎನ್ನುತ್ತ ಅಜ್ಜಿ ಮೊಮ್ಮಗಳ ಕೈಯನ್ನು ಒಳಹಳಿಯ ಮೇಲಿಟ್ಟಳು. “ಇದರ ಆಚೆ ಬದಿ ಮುಟ್ಟು.”

ಒಳಹಳಿಯಾಗಿದ್ದರೆ ಚಕ್ರದ ಅಂಚು ಎಂದೂ ತಾಗದ ಆ ಬದಿ, ಹಳೇ ಹೊಸ್ತಿಲಿನಂತೆ ಕುಳಿಬಿದ್ದಿತ್ತು. ಅಂದರೆ ಇದು ಒಂದು ಕಾಲದ ಹೊರಹಳಿ. ಅವಳು ಈಗಿನ ಹೊರಹಳಿಗೆ ಅಳತೆಪಟ್ಟಿ ಒತ್ತಿ, ಹೆಬ್ಬೆರಳಿನಿಂದ ಕಚ್ಚುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಸವೆತದ ಮಿತಿ ಮುಟ್ಟಲು ಇನ್ನೂ ಮೂರು ಕಚ್ಚು ಉಳಿದಿದ್ದವು.

ಸಂಜೆ ಮೈತುಂಬ ತುಕ್ಕು ಮೆತ್ತಿಕೊಂಡು ಮೂವರೂ ಕಚೇರಿ ಹೊಕ್ಕರು. ಅಧಿಕಾರಿ ಅಳತೆ ನೋಡಿ, ಹಳಿ ಕೀಳುವ ಆದೇಶವನ್ನು ಹರಿದರು. ಪರೀಕ್ಷಕಿ ದಾಖಲೆ ಪುಸ್ತಕ ತೆರೆದು ಬರೆದಳು: ‘ಅದಲುಬದಲು ಮಾಡಿದವರು, ಏಳು ಹೆಂಗಸರು.’

ಅಜ್ಜಿ ಇಣುಕಿದಳು. “ಆ ಆಕಳಿಸೋನ್ನ ಬಿಟ್ಟೆಯಲ್ಲೇ.”