ಡೆಮೊದಲ್ಲಿ ಕೇಳಿಸಿದ ಕೆಮ್ಮು

ಸಣ್ಣ ತಂಡಗಳ ವಿಡಿಯೊ ಗೇಮ್ ಡೆಮೊಗಳನ್ನು ಆಡಿ ಮೊದಲ ಅನಿಸಿಕೆ ಬರೆಯುವುದು ನನ್ನ ಕೆಲಸ. ಒಂದಕ್ಕೆ ಇಪ್ಪತ್ತೇ ನಿಮಿಷ. ಎರಡನೇ ಸಲ ಆಡುವವನಲ್ಲ. ಆ ಮಧ್ಯಾಹ್ನದ ಆಟದಲ್ಲಿ ಒಂದು ಖಾಲಿ ಮನೆ. ಮುಚ್ಚಿದ ಬಾಗಿಲ ಹಿಂದೆ ಯಾರೋ ಎರಡು ಸಲ ಕೆಮ್ಮಿ, ಉಸಿರೆಳೆದು, ಮತ್ತೆ ಕೆಮ್ಮುತ್ತಿದ್ದರು. ಹೆಡ್‌ಫೋನಿನೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಾಗಿಲು ತೆರೆಯುವ ಮೊದಲೇ ಸಮಯ ಮುಗಿಯಿತು. ಆ ಕೆಮ್ಮನ್ನೇ ಹೊಗಳಿ ಬರೆದೆ.

ಮರುದಿನ ಆಟ ತಯಾರಿಸಿದವನ ಫೋನ್ ಬಂತು.

"ಸರ್, ಬೇರೆ ಯಾವುದೋ ಆಟ ಅಂದ್ಕೊಂಡು ಬರೆದಿದ್ದೀರಿ. ನಮ್ಮದಕ್ಕೆ ಇನ್ನೂ ಸೌಂಡೇ ಹಾಕಿಲ್ಲ."

ನಿಯಮ ಮುರಿದೆ. ಡೆಮೊ ಹಾಕಿ, ಏನೂ ಹೇಳದೆ ಅಕ್ಕನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದೆ. ಅಪ್ಪ ತೀರಿಕೊಂಡಾಗ ಪಕ್ಕದಲ್ಲಿದ್ದವಳು ಅವಳೊಬ್ಬಳೇ. ಕೇಳುತ್ತಲೇ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು.

"ಅಪ್ಪನಿಗೆ ನೀರು ಕೊಡೋಕೆ ಯಾವ ಬಟನ್ ಒತ್ತಬೇಕೋ?" ಅಂದಳು.