ಸಾಕು ಅನ್ನುವವರೆಗೆ

"ಉಸಿರಾಡ್ತಿಲ್ಲ ಮೇಡಂ... ನಮ್ಮ ಭಾವ ಉಸಿರಾಡ್ತಿಲ್ಲ!"

ಆಂಬುಲೆನ್ಸ್ ಕರೆಗಳ ಕೊಠಡಿಯಲ್ಲಿ ಅವಳು ಗಾಡಿ ಎಲ್ಲಿದೆಯೆಂದು ನೋಡಿದಳು. ನಗರದಲ್ಲಾದರೆ ಇಷ್ಟು ಹೊತ್ತಿಗೆ ಬಾಗಿಲಲ್ಲಿರುತ್ತಿತ್ತು. ಆ ಹಳ್ಳಿಗೆ ಗುಡ್ಡ ಹತ್ತಿಳಿದು ಹೋಗಬೇಕು.

"ಅಂಗಾತ ಮಲಗಿಸಿ. ಎದೆ ಮಧ್ಯೆ ಕೈ ಮೇಲೆ ಕೈಯಿಟ್ಟು ಜೋರಾಗಿ ಒತ್ತಿ. ನನ್ನ ಜೊತೆ ಎಣಿಸಿ. ಒಂದು, ಎರಡು..."

"ಒಳಗೆ ಏನೋ ಲಟ್ ಅಂತು!"

"ಅನ್ನಲಿ. ನಾನು ಸಾಕು ಅನ್ನೋವರೆಗೂ ನಿಲ್ಲಿಸಬೇಡಿ."

ಅವನ ಏದುಸಿರು, ಅವಳ ಎಣಿಕೆ ಒಂದೇ ಲಯಕ್ಕೆ ಬಂದವು.

ಆಮೇಲೆ... ಮೌನ.

ಮತ್ತೆ ಮತ್ತೆ ಕರೆ ಮಾಡಿದಳು. ಸಿಗಲಿಲ್ಲ.

'ಸಿಗ್ನಲ್ ಹೋಯಿತೇ? ಇಲ್ಲಾ, ಅವನೇ ಕೈಚೆಲ್ಲಿ ಫೋನಿಟ್ಟನೇ?'

ಕರೆ ಕಡಿದ ಮೇಲೆ ಏನಾಯಿತೆಂದು ಆ ಕೊಠಡಿಗೆ ಯಾರೂ ಬಂದು ಹೇಳುವುದಿಲ್ಲ. ದಿನಗಳೆದಂತೆ ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಆ ಉಸಿರು ಮಾತ್ರ ಕಿವಿ ಬಿಟ್ಟು ಹೋಗಲಿಲ್ಲ.

ಹಳ್ಳಿಯವರಿಗೆ ಎದೆ ಒತ್ತುವುದನ್ನು ಕಲಿಸಲು ಯಾರು ಹೋಗುತ್ತೀರಿ ಎಂದು ಮೇಲಧಿಕಾರಿ ಕೇಳಿದಾಗ ಅವಳೇ ಮೊದಲು ಕೈಯೆತ್ತಿದಳು. ಅದೇ ಊರನ್ನು ಕೇಳಿ ಪಡೆದಳು.

ಶಾಲೆಯ ಜಗಲಿ. ರಬ್ಬರ್ ಗೊಂಬೆಯ ಎದೆ ಒತ್ತುತ್ತ ಅವಳು ಎಣಿಸುತ್ತಿದ್ದಂತೆ, ಕಿಟಕಿ ಸರಿಮಾಡುತ್ತಿದ್ದ ಬಡಗಿಯ ಸುತ್ತಿಗೆ ನಿಂತಿತು.

"ಆವತ್ತು ಫೋನ್ ಕಟ್ ಮಾಡಿದ್ದು ನೀವೇನಾ?"

ಆ ದನಿ! ಅವಳ ಎಣಿಕೆ ತಪ್ಪಿತು.

"ನಾನಾ? ಕೈಬಿಟ್ಟಿದ್ದು ನೀವು!"

"ಇವನು ಬಿಡೋದಾ?" ಜನರ ನಡುವಿನಿಂದ ದಪ್ಪ ಮೈಯವನೊಬ್ಬ ಎದ್ದ. "ಸಿಗ್ನಲ್ ಹೋದ್ರೂ ಒತ್ತಿದ್ದೇ ಒತ್ತಿದ್ದು. ಗಾಡಿಯವರು ಬಂದು ಇವನನ್ನ ಎಳೆದು ಹಾಕಬೇಕಾಯ್ತು ತಾಯಿ! ಎರಡು ಪಕ್ಕೆಲುಬು ಮುರಿದಿದಾನೆ ನನ್ನ ಬಾಮೈದ. ನಕ್ಕರೆ ಈಗಲೂ ನೋವು."

ಹೇಳಿ ಅವನೇ ನಕ್ಕ, ಪಕ್ಕೆ ಹಿಡಿದುಕೊಂಡ.

'ಬದುಕಿದ್ದಾರೆ...'

ಅವಳು ಗೊಂಬೆಯ ಎದೆಯಿಂದ ಕೈ ತೆಗೆದು ಮುಖ ಒರೆಸಿಕೊಂಡಳು.

ಜನ ಕರಗಿದ ಮೇಲೆ ಬಡಗಿ ಗೊಂಬೆಯನ್ನು ಪೆಟ್ಟಿಗೆಗೆ ಎತ್ತಿಡಲು ಬಂದ.

"ಒಂದು ಸಲ ಫೋನ್ ಮಾಡಿ ಹೇಳಬಾರದಿತ್ತಾ?" ಎಂದಳು.

"ಮಾಡಿದ್ರೆ, ಏನು ತುರ್ತು ಅಂತಾರೆ. ನಿಮ್ಮ ದನಿ ಕೇಳಬೇಕಿತ್ತು ಅಂತ ಹೇಗೆ ಹೇಳಲಿ?"

ಅವಳು ಆ ಒರಟು ಕೈ ಮೇಲೆ ತನ್ನ ಕೈಯಿಟ್ಟಳು.

"ನೀವಿನ್ನೂ ಸಾಕು ಅಂದಿಲ್ಲ," ಎಂದ ಮೆಲ್ಲಗೆ.

"ಅನ್ನೋದೂ ಇಲ್ಲ."