ಹತ್ತು ಮನೆ ಸರಿದ ಹೆಸರು

"ಅದನ್ನ ಓದ್ಬೇಡ ಮಗಾ. ಬೀಗ ಹಾಕಿರೋ ಹೆಸರು ಅದು."

ಹೆಂಡತಿಯ ಅಜ್ಜಿ ಸಾಡಿಯೆಮ್ ಹೀಗೆಂದಾಗ ಗಲಿಹ್‌ಗೆ ನಗು ತಡೆಯಲಾಗಲಿಲ್ಲ. ಜಕಾರ್ತಾದಿಂದ ಹೆಂಡತಿಯ ತವರೂರಾದ ಕೋಟಗೆಡೆಯ ಈ ಮನೆಗೆ ಬಂದು ಅವನಿಗೆ ವಾರವಾಗಿತ್ತಷ್ಟೆ. ಜಕಾರ್ತಾದವರಿಗೆ ಗೊತ್ತಿಲ್ಲದ್ದು ಯಾವುದಿದೆ? ಬೆಳಿಗ್ಗೆ ಬಡಗಿ ಗೆದ್ದಲು ತಿಂದ ಹೊಸ್ತಿಲನ್ನು ಕಿತ್ತಾಗ, ಕೆಳಗೆ ಅಂಗೈಯಗಲದ ತವರದ ತಗಡು ಸಿಕ್ಕಿತ್ತು. ಅದರ ತುಂಬ ಜಾವಾದ ಹಳೆಯ ಅಕ್ಷರಗಳು, ತಲೆಬುಡವಿಲ್ಲದ ಸಾಲುಗಳು. ಸುಟ್ಟ ಕೂದಲಿನ ವಾಸನೆ. ಬಡಗಿ ಉಳಿ ಸುತ್ತಿಗೆಗಳನ್ನೂ ಎತ್ತಿಕೊಳ್ಳದೆ ಹೊರಟುಹೋಗಿದ್ದ.

"ಬೀಗ ಅಂತೆ! ಅಜ್ಜೀ, ನಿಮ್ಮೂರ ಪಡ್ಡೆ ಹುಡುಗ್ರು ಬೀದೀಲಿ ಬೈಯೋದೂ ಇದೇ ಬೀಗದಲ್ಲೇ. ಒಂದೊಂದಕ್ಷರಾನೂ ಹತ್ತು ಮನೆ ಆಚೆ ಹಾರಿಸಿದ್ರೆ ಆಯ್ತು."

"ಎಲ್ರಿಗೂ ಗೊತ್ತು. ಆದ್ರೂ ಮೂವತ್ತು ವರ್ಷ ಯಾರೂ ಬಿಡಿಸ್ಲಿಲ್ಲ." ಅಜ್ಜಿ ದನಿ ತಗ್ಗಿಸಿದಳು. "ಮಗು ಹಾಲು ಬಿಟ್ಟಿತ್ತು. ಯಾರೋ ಅದರ ಹೆಸರಿಗೆ ಮಾಟ ಮಾಡ್ಸಿದ್ರು. ಮಾಟದಿಂದ ಬಂದಿದ್ದನ್ನೂ ಹೆಸರನ್ನೂ ಒಟ್ಟಿಗೇ ಇದ್ರೊಳಗೆ ಹಾಕಿ, ಶಾಸ್ತ್ರಕ್ಕೆ ಕೆಂಪು-ಬಿಳಿ ಗಂಜಿ ಹಂಚಿ, ಮಗೂಗೆ ಬೇರೆ ಹೆಸರಿಟ್ವಿ."

ಹಾಗೆಂದವಳು ಅಡುಗೆಮನೆಯತ್ತ ನೋಡಿ ಬಾಯಿ ಮುಚ್ಚಿಕೊಂಡಳು. ಅಲ್ಲಿ ಅವನ ಹೆಂಡತಿ ವಿಲಿಸ್ ತೆಂಪೆ ಎಂಬ ಸೋಯಾ ಬಿಲ್ಲೆ ಕರಿಯುತ್ತಿದ್ದಳು. ಹೆಂಡತಿಯ ಬಚ್ಚಿಟ್ಟ ಹೆಸರು! ರೇಗಿಸಲು ಇದಕ್ಕಿಂತ ಬೇಕೇ?

ಗಲಿಹ್ ಲ್ಯಾಪ್‌ಟಾಪ್ ತೆರೆದು ತಗಡಿನ ಸಾಲುಗಳನ್ನು ಟೈಪ್ ಮಾಡಿದ. ಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಯೂನಿಕೋಡ್ ಕೊಟ್ಟ ಸಂಖ್ಯೆಗಳನ್ನು ಹ-ನ-ಚ-ರ-ಕ ಎನ್ನುವ ಜಾವಾ ಅಕ್ಷರಮಾಲೆಯ ಇಪ್ಪತ್ತರ ಸಾಲಿಗೆ ಹೊಂದಿಸಿ, ಒಂದೊಂದನ್ನೂ ಹತ್ತು ಮನೆ ಸರಿಸಿದ. ಅರೆಗಳಿಗೆಯಲ್ಲಿ ಪರದೆಯ ಮೇಲೆ ಅರ್ಥ ಮೂಡಿತು. 'ಪೋನಿರಾ. ಕರೆದಾಗ ಬಾ.'

"ಪೋನಿರಾ!" ಗಲಿಹ್ ಅಡುಗೆಮನೆಯತ್ತ ಕೂಗಿದ.

ಎಣ್ಣೆಯ ಚಟಪಟ ಥಟ್ಟನೆ ನಿಂತಿತು.

"ಬಂದೆ."

ದನಿ ವಿಲಿಸ್‌ಳದೇ. ಆದರೆ ಬುದ್ಧಿ ಬಂದಮೇಲೆ ಆ ಹೆಸರನ್ನು ಅವಳು ಕೇಳಿಯೇ ಇರಲಿಲ್ಲ. ನಡುಮಧ್ಯಾಹ್ನ ಮನೆ ಕತ್ತಲಾಯಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಬರಿಗಾಲ ಸದ್ದು. ಹತ್ತಿರ. ಇನ್ನೂ ಹತ್ತಿರ.

"ಮುಚ್ಚೋ! ಮುಚ್ಚು!" ಅಜ್ಜಿ ಚೀರಿದಳು.

ಅವನು ತಗಡನ್ನು ಹೊಸ್ತಿಲ ಗುಂಡಿಗೆ ಎಸೆದ. ಮಣ್ಣು ತಳ್ಳಿದ. ಬಡಗಿ ತಂದಿಟ್ಟಿದ್ದ ಹೊಸ ಮರ ಕೂರಿಸಿ ಮೊಳೆ ಹೊಡೆದ. ಪರದೆಯ ಮೇಲಿನದನ್ನೆಲ್ಲ ಅಳಿಸಿದ. ಬೆಳಕು ಮರಳಿತು. ವಿಲಿಸ್ ಎದುರಿಗೆ ನಿಂತು ನಗುತ್ತಿದ್ದಳು. ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟ. ಅವಳ ಮೈ ಬಾವಿನೀರಿನಷ್ಟು ತಣ್ಣಗಿತ್ತು.

ಅಜ್ಜಿ ಮಾತ್ರ ಅವಳ ಹತ್ತಿರ ಬರಲಿಲ್ಲ. "ಮುಚ್ಚೋ ಮೊದ್ಲು, ಒಳಗೆ ಉಳಿದಿದ್ದು ಯಾರು ಅಂತ ನೋಡಿದ್ಯಾ?" ಎಂದಷ್ಟೇ ಕೇಳಿದಳು.

ಆಮೇಲೆ ಹೆಂಡತಿ, ವಿಲಿಸ್ ಎಂದು ಕರೆದರೆ ತಿರುಗಲೇ ಇಲ್ಲ. ಗಲಿಹ್ ಎರಡು ದಿನ ತನಗೆ ತಾನೇ ಸುಳ್ಳು ಹೇಳಿಕೊಂಡ. ಹೆದರಿದ್ದಾಳೆ, ಸರಿಹೋಗುತ್ತಾಳೆ ಎಂದುಕೊಂಡ. ಮೂರನೆಯ ಮಧ್ಯಾಹ್ನ ಹೊಸ್ತಿಲ ಬಳಿ ಕೂತಿದ್ದಾಗ, ಅದರ ಮರದಡಿಯಿಂದ ಸಣ್ಣ ದನಿ ಕೇಳಿತು.

"ದಬ್... ಪಾಞು ಢೆಂಗ್ ಲಿಬೊರ್..."

ಕೇಳಿದ್ದನ್ನು ಲ್ಯಾಪ್‌ಟಾಪಿಗೆ ಹಾಕಿದ. ಹತ್ತು ಮನೆ ಸರಿಸಿದ. ದಬ್ ಸರಿದು ಮಾಸ್ ಆಯಿತು. ವಿಲಿಸ್ ಗಂಡನನ್ನು ಕರೆಯುತ್ತಿದ್ದುದೇ ಹಾಗೆ. ಉಳಿದದ್ದೂ ಬಿಡಿಸಿಕೊಂಡಿತು: ಮಾಸ್, ನಾನು ಕೆಳಗಿದೀನಿ.

ಅವನು ಬಡಗಿಯ ಉಳಿಗೆ ಕೈಹಾಕಿದ. ತಗಡನ್ನು ಇನ್ನೊಮ್ಮೆ ಓದಬೇಕು. ಬೀಗ ಇನ್ನೊಮ್ಮೆ ತೆಗೆಯಬೇಕು. ಅವಳನ್ನು ಕರೆಯಬೇಕು. ಮೊಳೆಗಳು ಆಗಲೇ ಸಡಿಲವಾಗಿದ್ದವು. ಮರ ಎತ್ತಿದ. ಮಣ್ಣು ಬಗೆದ. ಉಗುರು ಕಿತ್ತು ರಕ್ತ ಬಂತು. ಇನ್ನೂ ಬಗೆದ. ತಗಡಿರಲಿಲ್ಲ.

"ಏನು ಹುಡುಕ್ತಿದೀಯಾ, ಮಾಸ್?"

ಬೆನ್ನ ಹಿಂದೆ ಅವಳು ಸೌಟು ಹಿಡಿದು ನಿಂತಿದ್ದಳು.

"ತಗಡಾ? ಬೆಳಿಗ್ಗೇನೇ ಒಲೆಗೆ ಹಾಕ್ದೆ. ಬೆಣ್ಣೆ ಥರ ಕರಗ್ತು. ಏಳು, ಅನ್ನ ಆರ್ತಿದೆ."

ಮಣ್ಣಿನೊಳಗಿಂದ ಮತ್ತೆ ದನಿ ಬಂತು. "ದಬ್..."

ಈಗ ಅದನ್ನು ಬಿಡಿಸಲು ಯಂತ್ರ ಬೇಕಿರಲಿಲ್ಲ. ಬೀಗ ತೆಗೆಯಲು ತಗಡೇ ಉಳಿದಿರಲಿಲ್ಲ. ಪೋನಿರಾ ಅವನ ಹೆಗಲ ಮೇಲೆ ತಣ್ಣನೆಯ ಕೈ ಇಟ್ಟಳು. ಅವನು ಎದ್ದು ಊಟಕ್ಕೆ ಹೋದ.